ಇಪ್ಪತ್ತಮೂರನೇ ಸಾಲು

ಆಗಸ್ಟ್ 4, ಸೋಮವಾರ

ಇಪ್ಪತ್ತೆರಡು ಮುಗಿದವು. ಉಳಿದದ್ದು ಮೂವತ್ತೆಂಟು.

ಇವತ್ತಿನದು ಹೊಳಲ್ಕೆರೆ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಕೇಸು. ಕೆಳದವಡೆ ಎರಡು ಕಡೆ ಮುರಿದಿತ್ತು. ಲಕೋಟೆ ಒಡೆದಾಗ ಡೆಕ್ಸ್ ಬಂತು. ರಕ್ತದ ಸರಾಸರಿ ಒತ್ತಡ ಅರವತ್ತೆರಡಕ್ಕೆ ಇಳಿದು ಗೆರೆ ಎಳೆದ ಹಾಗೆ ನಿಂತಿತು. ದವಡೆಯ ಸರ್ಜನ್ ಡಾ. ಪ್ರಭು, "ಇವತ್ತು ಒಳಗೆಲ್ಲ ಕನ್ನಡಿ ಥರ ಕಾಣ್ತಿದೆ ಕಣ್ರಿ" ಎಂದರು. ರಕ್ತಸ್ರಾವಕ್ಕೆ ಐದರಲ್ಲಿ ಒಂದು ಅಂಕ ಕೊಟ್ಟರು. ಅಂಕ ಕಡಿಮೆಯಾದಷ್ಟೂ ಒಳ್ಳೆಯದು.

ಸಂಜೆ ಹೊಸದುರ್ಗದಿಂದ ಅಮ್ಮನ ಫೋನು. ನಿನ್ನ ಥೀಸಿಸ್ ಎಂಥದ್ದೇ, ಅಂಗನವಾಡಿಗೆ ಬರುವವರೆಲ್ಲ ಕೇಳುತ್ತಾರೆ, ನನಗೆ ಹೇಳಲಿಕ್ಕೆ ಬರುವುದಿಲ್ಲ ಎಂದರು. ಹೇಳಿದೆ. ದವಡೆಯಲ್ಲಿ ರಕ್ತನಾಳ ಜಾಸ್ತಿ, ಕೊಯ್ದರೆ ರಕ್ತ ತುಂಬಿಕೊಂಡು ಮೂಳೆಯೇ ಕಾಣುವುದಿಲ್ಲ. ಅದಕ್ಕೆ ಅರಿವಳಿಕೆ ಕೊಟ್ಟ ಮೇಲೆ ನಾವೇ ರಕ್ತದ ಒತ್ತಡವನ್ನು ಬೇಕೆಂದು ಇಳಿಸಿ ಹಿಡಿದಿಡುತ್ತೇವೆ. ಹಾಗೆ ಇಳಿಸಲು ಎರಡು ಔಷಧಿ: ಡೆಕ್ಸ್‌ಮೆಡಿಟೊಮಿಡಿನ್ ಒಂದು, ನೈಟ್ರೊಗ್ಲಿಸರಿನ್ ಇನ್ನೊಂದು. ಮೂವತ್ತು ಜನಕ್ಕೆ ಅದು, ಮೂವತ್ತು ಜನಕ್ಕೆ ಇದು. ಯಾರಿಗೆ ಯಾವುದೆಂದು ಮುಚ್ಚಿದ ಲಕೋಟೆ ಹೇಳುತ್ತದೆ. ಯಾವುದು ಮೇಲೆಂದು ಕೊನೆಗೆ ನಾನು ಹೇಳುತ್ತೇನೆ.

"ಜಾಸ್ತಿ ಆಗಿರೋದನ್ನ ಇಳಿಸ್ತಾರೆ, ಸರಿ. ಸರಿಯಾಗಿರೋದನ್ನ ಯಾಕೆ ಇಳಿಸ್ತೀರೇ?" ಎಂದರು ಅಮ್ಮ. ನಕ್ಕುಬಿಟ್ಟೆ.

ಜನವರಿಯೊಳಗೆ ಅರವತ್ತು ಆಗಬೇಕು. ವಾರಕ್ಕೆ ಎರಡಾದರೂ ಬರಬೇಕು.

ಆಗಸ್ಟ್ 7, ಗುರುವಾರ

ಕೇಸ್ 23 ಸಿಕ್ಕಿತು. ಹೆಂಗಸು, ನಲವತ್ತಾರು ವರ್ಷ, ಹಿರಿಯೂರಿನ ಹತ್ತಿರ ಬಬ್ಬೂರು. ಅಲ್ಲಿನ ಕೃಷಿ ಸಂಶೋಧನಾ ಫಾರಂನಲ್ಲಿ ಕೂಲಿ ಕೆಲಸ. ಮೊನ್ನೆ ಮಂಗಳವಾರ ಆಳುಗಳನ್ನು ತುಂಬಿಕೊಂಡು ಹೋಗುತ್ತಿದ್ದ ಲಗೇಜ್ ಆಟೊ ಮಗುಚಿ ಕಬ್ಬಿಣದ ಕಂಬಿಗೆ ಮುಖ ಬಡಿದಿದೆ. ಮೇಲ್ದವಡೆ, ಕೆಳದವಡೆ ಎರಡೂ ಮುರಿದಿವೆ. ತಲೆಯ ಸ್ಕ್ಯಾನ್‌ನಲ್ಲಿ ಏನೂ ತೊಂದರೆಯಿಲ್ಲ. ಸೋಮವಾರ ಪ್ಲೇಟು ಕೂರಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಐದಾರು ವಾರ ಬಾಯಿ ಕಟ್ಟಿಡುತ್ತಾರೆ. ಎರಡು ದವಡೆಯೆಂದರೆ ರಕ್ತ ಜಾಸ್ತಿ ಹೋಗುತ್ತದೆ. ಅಧ್ಯಯನಕ್ಕೆ ಒಳ್ಳೆಯ ಕೇಸು.

ಮುಖ ಊದಿಕೊಂಡು ಮಾತು ಸ್ಪಷ್ಟವಿಲ್ಲ. ಗಂಡನನ್ನೇ ಕೇಳಿದೆ. ಬಾಲರಾಜು ಎಂದು ಹೆಸರು, ಗಾರೆ ಕೆಲಸದವರು.

"ಬಿ.ಪಿ., ಶುಗರ್ ಏನಾದ್ರೂ ಇದೆಯಾ?"

"ಏನೂ ಇಲ್ಲ ಮೇಡಂ. ಒಂದ್ ದಿನ ಮಲಗಿದ್ದೋಳಲ್ಲ."

ಒತ್ತಡ ನೋಡಿದೆ, 152/94. ಹತ್ತು ನಿಮಿಷ ಬಿಟ್ಟು ನೋಡಿದೆ, 138/86. ನೂರ ನಲವತ್ತು ದಾಟಿದವರನ್ನು ಅಧ್ಯಯನಕ್ಕೆ ತೆಗೆದುಕೊಳ್ಳುವಂತಿಲ್ಲ. ದಾಟಿಲ್ಲ. 'ಮೊದಲ ಅಳತೆ ನೋವು ಮತ್ತು ಭಯದಿಂದ' ಎಂದು ಬರೆದೆ.

ಒಪ್ಪಿಗೆ ಪತ್ರವನ್ನು ಮಗಳು ಮೋನಿಕಾ ಗಟ್ಟಿಯಾಗಿ ಓದಿ ಹೇಳಿದಳು. ಹಿರಿಯೂರಿನಲ್ಲಿ ಕೊನೆಯ ವರ್ಷದ ಡಿಗ್ರಿ ಓದುತ್ತಿದ್ದಾಳೆ. ಓದುತ್ತಾ ಒಂದು ಕಡೆ ನಿಲ್ಲಿಸಿ, "ಇದ್ರಿಂದ ತೊಂದ್ರೆ ಏನಾದ್ರೂ ಆಗುತ್ತಾ ಮೇಡಂ?" ಎಂದಳು.

"ಬಹಳ ಅಪರೂಪ. ನಾನು ತಲೆ ಹತ್ತಿರಾನೇ ನಿಂತಿರ್ತೀನಿ."

ಸಹಿ ಆಯಿತು. ಹೆಸರು ಏಕಾಂತಮ್ಮ.

ಆಗಸ್ಟ್ 11, ಸೋಮವಾರ

ಕೇಸ್ 23 ಮುಗಿಯಿತು. ಲಕೋಟೆಯಲ್ಲಿ ನೈಟ್ರೊ.

ಬಾಯಿ ಕಟ್ಟಬೇಕಾದ್ದರಿಂದ ಮೂಗಿನಿಂದ ಕೊಳವೆ ಇಳಿಸಿದೆ. ಮೊದಲ ಸಲಕ್ಕೇ ಇಳಿಯಿತು. ಕೆಳದವಡೆ ಸುಸೂತ್ರವಾಗಿ ಮುಗಿಯಿತು. ಮೇಲ್ದವಡೆಗೆ ಕೈ ಹಾಕಿದಾಗ ರಕ್ತ ಶುರುವಾಯಿತು. ಸರಾಸರಿ ಒತ್ತಡ ಅರವತ್ತಮೂರರಲ್ಲಿತ್ತು. ಅರವತ್ತರಿಂದ ಅರವತ್ತೈದು ನಮ್ಮ ಗುರಿ.

"ಮೇಡಂ, ಏನೇನೂ ಕಾಣ್ತಿಲ್ಲ. ಇನ್ನೊಂಚೂರು ಇಳಿಸ್ರಿ" ಎಂದರು ಡಾ. ಪ್ರಭು.

"ಸರ್, ಅರವತ್ತಮೂರಿದೆ."

"ಒಂದೈದು ನಿಮಿಷ ಸಾಕು, ಸ್ಕ್ರೂ ಹಾಕಿಬಿಡ್ತೀನಿ."

ನನ್ನ ಗೈಡ್ ಚಿತ್ರಲಿಂಗಪ್ಪ ಸರ್ ಪಕ್ಕದ ಥಿಯೇಟರಿನಲ್ಲಿದ್ದರು. ಕರೆಯಬೇಕೆನಿಸಿತು, ಕರೆಯಲಿಲ್ಲ. ಡ್ರಿಪ್ ಸ್ವಲ್ಪ ಜಾಸ್ತಿ ಮಾಡಿದೆ. ನೈಟ್ರೊ ಡೆಕ್ಸ್‌ನಂತಲ್ಲ, ಕೈ ತಪ್ಪಿದರೆ ಜಾರಿಬಿಡುತ್ತದೆ. ಐವತ್ತನಾಲ್ಕಕ್ಕೆ ಬಂತು. ಡ್ರಿಪ್ ನಿಲ್ಲಿಸಿ ಸಲೈನ್ ಬಿಟ್ಟು ಮತ್ತೆ ಅರವತ್ತರ ಮೇಲೆ ತರಲು ಆರು ನಿಮಿಷ ಹಿಡಿಯಿತು. ಅಷ್ಟರಲ್ಲಿ ಪ್ಲೇಟು ಕೂತಿತ್ತು.

ಹೆಸರು ಹಿಡಿದು ಕರೆದಾಗ ಕಣ್ಣು ಬಿಟ್ಟರು. ಕೊಳವೆ ತೆಗೆದೆ. ವಾಂತಿ ಬಂದರೆ ತಂತಿ ಕತ್ತರಿಸಬೇಕೆಂದು ದಿಂಬಿನ ಬಳಿ ಇಕ್ಕಳ ಇಟ್ಟು ಬಂದೆ. ರಕ್ತಸ್ರಾವದ ಅಂಕ ಮೂರು.

ಉಳಿದದ್ದು ಮೂವತ್ತೇಳು.

ಆಗಸ್ಟ್ 12, ಮಂಗಳವಾರ

ಬೆಳಿಗ್ಗೆ ವಾರ್ಡಿಗೆ ಹೋದಾಗ ಮೋನಿಕಾ ಬಾಗಿಲಲ್ಲೇ ನಿಂತಿದ್ದಳು.

"ಮೇಡಂ, ಅವ್ವ ಎಡಗೈ ಎತ್ತುತಾನೇ ಇಲ್ಲ."

ಕೈ ಒಂದೇ ಮಗ್ಗುಲಿಗೆ ಬಿದ್ದು ಜೋಮು ಹಿಡಿದಿರಬೇಕು ಎಂದುಕೊಂಡೆ. ನನ್ನ ಎರಡು ಬೆರಳು ಅವರ ಅಂಗೈಯಲ್ಲಿಟ್ಟು ಹಿಡಿಯಿರಿ ಎಂದೆ. ಬಲಗೈ ಗಟ್ಟಿಯಾಗಿ ಹಿಡಿಯಿತು. ಎಡಗೈ ಬೆರಳುಗಳು ಮಡಚಲೇ ಇಲ್ಲ. ಮತ್ತೆ ಹೇಳಿದೆ. ಏಕಾಂತಮ್ಮ ತನ್ನ ಕೈಯನ್ನೇ ನೋಡುತ್ತಿದ್ದರು, ಅದು ಬೇರೆ ಯಾರದ್ದೋ ಎಂಬಂತೆ. ಆಮೇಲೆ ನನ್ನ ಮುಖ ನೋಡಿದರು.

ಡಾ. ಪ್ರಭು ಬಂದರು. ಕಾಲು ಚೆನ್ನಾಗಿದೆ, ಮುಖ ಊದಿರುವುದರಿಂದ ಅದನ್ನು ಹೇಳಲಾಗದು, ಎಡಗೈ ಮಾತ್ರ. "ಸದ್ಯ, ಬಲಗೈ ಅಲ್ವಲ್ಲ" ಎಂದರು, ಸಮಾಧಾನಕ್ಕೆ.

"ಸರ್, ಅವ್ವ ಎಡಚಿ" ಎಂದಳು ಮೋನಿಕಾ.

ಅವಳೇ ಮುಂದುವರಿಸಿದಳು. ಫಾರಂನಲ್ಲಿ ಅವ್ವನದು ಕಳೆ ಕೀಳುವ ಕೆಲಸವಲ್ಲವಂತೆ. ಶೇಂಗಾ ಹೂವಿನ ಕೆಲಸ. ಹೊಸ ತಳಿ ಮಾಡಲು ಸಂಜೆ ಹೊತ್ತು ಮೊಗ್ಗನ್ನು ಚಿಮುಟದಲ್ಲಿ ಬಿಡಿಸಿ ಗಂಡು ಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಮುಟ್ಟಿಸಬೇಕು. ಮೊಗ್ಗು ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. "ಸೈಂಟಿಸ್ಟ್ ಸಾರೇ ಅವ್ವನ್ನ ಕರೀತಾರೆ. ಬೇರೆಯೋರು ಮಾಡಿದ್ರೆ ಹೂವು ಉದುರುತಾವೆ."

ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ನಾನು ಎದುರಿಗೇ ಕೂತಿದ್ದೆ. ಯಾವ ಕೈಯಲ್ಲಿ ಹಾಕಿದರೆಂದು ನೋಡಿರಲಿಲ್ಲ.

ಆಗಸ್ಟ್ 13, ಬುಧವಾರ

ಸ್ಕ್ಯಾನ್ ಬಂತು. ಮಿದುಳಿನ ಬಲಭಾಗದಲ್ಲಿ ರಕ್ತ ಸಾಲದೆ ಸತ್ತಿರುವ ಜಾಗ. ಚಿಕ್ಕದು. ಐದನೇ ತಾರೀಕಿನ ಸ್ಕ್ಯಾನ್‌ನಲ್ಲಿ ಇರಲಿಲ್ಲ.

ಮಧ್ಯಾಹ್ನ ಬಾಲರಾಜು ಊರಿನಿಂದ ಬಟ್ಟೆ ತಂದರು. ಸೀರೆಗಳ ನಡುವೆ ಒಂದು ಪ್ಲಾಸ್ಟಿಕ್ ಕವರು. ಅದರಲ್ಲಿ ಆರೋಗ್ಯ ಕೇಂದ್ರದ ಚೀಟಿ, ಅರ್ಧ ಖಾಲಿಯಾದ ಮಾತ್ರೆ ಪಟ್ಟಿ. ಬಿ.ಪಿ. ಮಾತ್ರೆ. ಚೀಟಿಯಲ್ಲಿ ಎರಡು ವರ್ಷದ ಹಿಂದಿನ ದಿನಾಂಕವಿತ್ತು.

"ನಂಗ್ ಗೊತ್ತೇ ಇಲ್ಲ ಮೇಡಂ" ಎಂದರು ಬಾಲರಾಜು. ಚೀಟಿಯನ್ನು ತಿರುವಿ ಮುರುವಿ ನೋಡಿದರು. "ಹೇಳ್ಲೇ ಇಲ್ವಲ್ಲ ಇವ್ಳು. ನನ್ನಾಣೆಗೂ ಗೊತ್ತಿಲ್ಲ." ಮೋನಿಕಾಗೂ ಗೊತ್ತಿರಲಿಲ್ಲ.

ಒತ್ತಡಕ್ಕೆ ಒಗ್ಗಿಕೊಂಡ ರಕ್ತನಾಳಗಳಿಗೆ ಅರವತ್ತು ಎಂದರೆ ಬೇರೆಯವರ ನಲವತ್ತಿದ್ದಂತೆ. ನಾನು ಐವತ್ತನಾಲ್ಕಕ್ಕೆ ಬಿಟ್ಟಿದ್ದೆ. ಅಪಘಾತವಾದಂದಿನಿಂದ ಮಾತ್ರೆಯೂ ಇಲ್ಲ. ನಾನು ಕೇಳಿದ್ದು ಗಂಡನನ್ನು.



ಆಗಸ್ಟ್ 14, ಗುರುವಾರ

ಚಿತ್ರಲಿಂಗಪ್ಪ ಸರ್ ಕೋಣೆಗೆ ಹೋದೆ. ಅಧ್ಯಯನದಲ್ಲಿರುವವರಿಗೆ ಏನಾದರೂ ದೊಡ್ಡ ತೊಂದರೆಯಾದರೆ ಇಪ್ಪತ್ನಾಲ್ಕು ಗಂಟೆಯೊಳಗೆ ಆಸ್ಪತ್ರೆಯ ನೈತಿಕ ಸಮಿತಿಗೆ ತಿಳಿಸಬೇಕು. ಗಡುವು ನಿನ್ನೆಗೇ ಮುಗಿದಿದೆ.

ಸರ್ ಕೆಟ್ಟವರಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ನನ್ನ ಮೇಲೆ ಕೂಗಿಲ್ಲ. ಚಹಾ ತರಿಸಿದರು. "ಕಾರಣ ಏನು ಅಂತ ಮೊದಲು ಗೊತ್ತಾಗಲಿ ಮೀನಾಕ್ಷಿ. ಫಿಜಿಷಿಯನ್ ನೋಡ್ತಿದಾರಲ್ಲ. ಆಕ್ಸಿಡೆಂಟಲ್ಲಿ ಕುತ್ತಿಗೆ ನಾಳಕ್ಕೆ ಪೆಟ್ಟಾಗಿ ಅಲ್ಲಿಂದ ಗಡ್ಡೆ ಹೋಗಿರಬಹುದು. ನಾವಾಗೇ ನಮ್ಮ ಔಷಧಿ ಮೇಲೆ ಯಾಕೆ ಹಾಕ್ಕೋಬೇಕು?"

ಫಿಜಿಷಿಯನ್ ಹತ್ತಿರ ಹೋದೆ. ಕುತ್ತಿಗೆಯ ನಾಳದ ಸ್ಕ್ಯಾನ್ ನೋಡಿ, "ಇಲ್ಲಿ ಸಣ್ಣ ಗೀರು ಇದ್ದಂತಿದೆ, ಇಲ್ಲದಂತೆಯೂ ಇದೆ. ಇದೂ ಆಗಿರಬಹುದು, ಒತ್ತಡ ಇಳಿದದ್ದೂ ಆಗಿರಬಹುದು, ಎರಡೂ ಸೇರಿರಬಹುದು" ಎಂದರು. ಗೊತ್ತಾಗುವ ದಾರಿ ಇದೆಯೇ ಎಂದೆ. ಇಲ್ಲ ಎಂದರು.

ಆಗಸ್ಟ್ 16, ಶನಿವಾರ

ಸರ್ ಕರೆಸಿದರು. "ದಾರಿ ಸಿಕ್ಕಿತು" ಎಂದರು.

"ಅವಳಿಗೆ ಬಿ.ಪಿ. ಇತ್ತು. ಬಿ.ಪಿ. ಇದ್ದೋರನ್ನ ನಿನ್ನ ಅಧ್ಯಯನಕ್ಕೆ ತಗೊಳ್ಳೋ ಹಾಗೇ ಇಲ್ಲ. ಅಂದಮೇಲೆ ಅವಳು ನಿನ್ನ ಕೇಸೇ ಅಲ್ಲ. ಪುಸ್ತಕದಿಂದ ಇಪ್ಪತ್ತಮೂರನೇ ಸಾಲನ್ನ ತೆಗೆದುಬಿಡು. ಮುಂದಿನದು ಇಪ್ಪತ್ತಮೂರು ಆಗುತ್ತೆ. ಸುಳ್ಳು ಬರಿ ಅಂತ ನಾನು ಹೇಳ್ತಿಲ್ಲ ನೋಡಮ್ಮ, ನಿಯಮ ಹೇಳ್ತಿದೀನಿ. ಮನೆಯವರಿಗೂ ಪಾರ್ಶ್ವವಾಯು ಅಂತ ಹೇಳಿದ್ರೆ ಸಾಕು. ಸುಳ್ಳಲ್ಲ ಅದೂ."

ಸುಳ್ಳಲ್ಲ. ಎಲ್ಲಿ ಹುಡುಕಿದರೂ ಸುಳ್ಳು ಸಿಗುವುದಿಲ್ಲ.

"ಆಯ್ತು ಸರ್" ಎಂದೆ.

ಆಗಸ್ಟ್ 17, ಭಾನುವಾರ

ರಜೆ. ಚಂದ್ರವಳ್ಳಿಗೆ ಹೋಗಿ ಕೆರೆಯ ಬಳಿ ಕೂತಿದ್ದೆ. ಮೂರು ಕುಟುಂಬಗಳು ಫೋಟೊ ತೆಗೆಸಿಕೊಳ್ಳುತ್ತಿದ್ದವು. ಒಬ್ಬರು ಫೋನ್ ಕೊಟ್ಟು ನಮ್ಮದೊಂದು ತೆಗೆಯಿರಿ ಎಂದರು. ತೆಗೆದೆ. ಮಸುಕಾಗಿ ಬಂತು. ಇನ್ನೊಂದು ತೆಗೆಯಿರಿ ಎಂದರು. ಅದೂ ಹಾಗೇ ಬಂತು.

ಆಗಸ್ಟ್ 18, ಸೋಮವಾರ

ಬೆರಳು ಹಾಗೇ ಇವೆ.

ಆಗಸ್ಟ್ 19, ಮಂಗಳವಾರ

ಏಕಾಂತಮ್ಮನಿಗೆ ಗಂಜಿ ಹಾಕುವುದನ್ನು ಕಲಿತೆ. ರಾಗಿ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಸಿರಿಂಜಿಗೆ ತುಂಬಿ, ತುದಿಗೆ ಸಣ್ಣ ಕೊಳವೆ ಸಿಕ್ಕಿಸಿ, ಕೆನ್ನೆಯ ಒಳಗಿನಿಂದ ಕೊನೆಯ ಹಲ್ಲಿನ ಹಿಂದೆ ಬಿಡಬೇಕು. ಬೇಗ ಬಿಟ್ಟರೆ ಕೆಮ್ಮುತ್ತಾರೆ. ಮೋನಿಕಾಗೆ ಪರೀಕ್ಷೆಯ ಅರ್ಜಿ ತುಂಬಬೇಕಿತ್ತು, ಹಿರಿಯೂರಿಗೆ ಹೋಗಿದ್ದಳು. ಬಾಲರಾಜು ಕೈಗೆ ಸಿರಿಂಜ್ ಬಗ್ಗಲಿಲ್ಲ. ನಾನೇ ಕೂತೆ. ಮುಕ್ಕಾಲು ಗಂಟೆ ಹಿಡಿಯಿತು.

ತಂತಿ ಕಟ್ಟಿದ್ದರೂ ಹಲ್ಲು ಕಚ್ಚಿಕೊಂಡೇ ಒಂದೆರಡು ಮಾತು ಆಡಬಹುದು. ಪಕ್ಕದ ಹಾಸಿಗೆಯವರು ದಿನವಿಡೀ ಆಡುತ್ತಾರೆ. ಇವರು ಆಡುವುದಿಲ್ಲ. ಸಹಿ ಬಿಟ್ಟು ಬರೆಯಲು ಬರುವುದಿಲ್ಲ, ಈಗ ಸಹಿಯೂ ಇಲ್ಲ. ಕಣ್ಣು ಮಾತ್ರ ನನ್ನ ಹಿಂದೆಯೇ ಬರುತ್ತದೆ.

ಮಧ್ಯಾಹ್ನ ರಾಮಗಿರಿಯಿಂದ ದವಡೆ ಮುರಿದ ಒಬ್ಬರು ಬಂದರು. ಅಧ್ಯಯನಕ್ಕೆ ಹೊಂದುತ್ತಿದ್ದರು. ಬಿ.ಪಿ. ಇದೆಯಾ ಎಂದು ಅವರನ್ನು ಒಂದು ಗಂಟೆ ಕೇಳಿದೆ, ಅವರ ಹೆಂಡತಿಯನ್ನು ಬೇರೆ ಕೂರಿಸಿ ಕೇಳಿದೆ, ಚೀಲ ಬಿಚ್ಚಿಸಿ ನೋಡಿದೆ. ಲಕೋಟೆ ಒಡೆಯಲಿಲ್ಲ. ಸರ್ ಕೇಳಿದಾಗ ಮರೆತೆ ಎಂದೆ.

ಆಗಸ್ಟ್ 22, ಶುಕ್ರವಾರ

ನಾಳೆ ಮನೆಗೆ ಕಳಿಸುತ್ತಾರೆ.

ಸಂಜೆ ಬಾಲರಾಜು, ಮೋನಿಕಾ ಇಬ್ಬರನ್ನೂ ಕ್ಯಾಂಟೀನ್ ಹಿಂದಿನ ಕಲ್ಲುಬೆಂಚಿಗೆ ಕರೆದೆ. ಏನು ಹೇಳಬೇಕೆಂದು ಬರೆದುಕೊಂಡಿದ್ದ ಚೀಟಿ ಜೇಬಿನಲ್ಲೇ ಉಳಿಯಿತು. ಒತ್ತಡ ಇಳಿಸಿದ್ದು, ಯಾಕೆ ಇಳಿಸಿದ್ದು, ಎಷ್ಟಕ್ಕೆ ಹೋಯಿತು, ಎಷ್ಟು ನಿಮಿಷ, ಎಲ್ಲ ಹೇಳಿದೆ. ಕೈ ಹೋದದ್ದು ಅದರಿಂದಲೇ ಇರಬಹುದು, ಕುತ್ತಿಗೆಯ ಪೆಟ್ಟಿನಿಂದಲೂ ಇರಬಹುದು, ಯಾರೂ ಖಚಿತವಾಗಿ ಹೇಳಲಾರರು ಎಂದೆ.

"ಈಗ ಹೇಳಿದ್ರೆ ನಾವ್ ಏನ್ ಮಾಡಾಣ ತಾಯಿ?" ಎಂದರು ಬಾಲರಾಜು. ಬೈದಿದ್ದರೆ ಚೆನ್ನಾಗಿತ್ತು. "ಪ್ರಾಣ ಉಳೀತಲ್ಲ, ಅಷ್ಟು ಸಾಕು ಅನ್ಕಂಡಿದ್ದೆ. ಹಂಗೇ ಅನ್ಕಂಡು ಇರಬೌದಿತ್ತು."

ಮೋನಿಕಾ ಎದ್ದು ನಿಂತಳು. "ಬಹಳ ಅಪರೂಪ ಅಂದ್ರಿ ನೀವು. ನಾನೇ ಓದಿ ಹೇಳಿದೆ ಅವ್ವಂಗೆ. ಏನೂ ಆಗಲ್ಲ ಹಾಕವ್ವ ಸಹಿ ಅಂತ ನಾನೇ ಹೇಳಿದೆ" ಎಂದಳು. ಅಳುತ್ತಿರಲಿಲ್ಲ. ಮುಖ ಕೆಂಪಾಗಿತ್ತು. "ಹೋಗಾಣ ನಡಿ ಅಪ್ಪ."

ಬಾಲರಾಜು ಹೋಗುವಾಗ ತಿರುಗಿ ನನಗೆ ಕೈ ಮುಗಿದರು. ಅದನ್ನು ಯಾಕೆ ಮಾಡಿದರೋ.

ಆಗಸ್ಟ್ 23, ಶನಿವಾರ

ಹೋದರು. ಬಸ್ ಸ್ಟ್ಯಾಂಡಿನವರೆಗೆ ಆಟೊದಲ್ಲಿ. ಏಕಾಂತಮ್ಮ ಎಡಗೈಯನ್ನು ಬಲಗೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತರು. ಮೋನಿಕಾ ನನ್ನ ಕಡೆ ನೋಡಲಿಲ್ಲ.

ಆಗಸ್ಟ್ 30, ಶನಿವಾರ

ಹೋದ ವಾರವೂ ಈ ವಾರವೂ ಒಂದೂ ಲಕೋಟೆ ಒಡೆದಿಲ್ಲ. "ಏನಮ್ಮ, ಕೇಸೇ ಬರ್ತಿಲ್ವಾ?" ಎಂದರು ಸರ್. "ಬರ್ತಿವೆ ಸರ್" ಎಂದೆ.

ಸೆಪ್ಟೆಂಬರ್ 6, ಶನಿವಾರ

ಏಕಾಂತಮ್ಮ ತಪಾಸಣೆಗೆ ಬಂದಿದ್ದರು. ಆರು ಕೆ.ಜಿ. ಇಳಿದಿದ್ದಾರೆ. ತೋಳು ಎತ್ತುತ್ತಾರೆ, ಮಣಿಕಟ್ಟು ತಿರುಗುತ್ತದೆ, ಹೆಬ್ಬೆರಳು ತೋರುಬೆರಳು ಸೇರುವುದಿಲ್ಲ. ಎರಡು ಬೆರಳು, ಅವೇ.

ವ್ಯಾಯಾಮ ಹೇಳಿಕೊಟ್ಟೆ. ಹೆಸರುಕಾಳು ಹೆಕ್ಕಿ ಬಟ್ಟಲಿಗೆ ಹಾಕುವುದು, ದಿನಕ್ಕೆ ಮೂರು ಹೊತ್ತು. ಮೋನಿಕಾ ಬರೆದುಕೊಂಡಳು. ಅವಳಿಗೇ ಹೇಳಿದೆ, ಅವಳೇ ತಲೆಯಾಡಿಸಿದಳು. ಏಕಾಂತಮ್ಮ ನಮ್ಮಿಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರನ್ನು ನೋಡುತ್ತಿದ್ದರು.

ಸೆಪ್ಟೆಂಬರ್ 19, ಶುಕ್ರವಾರ

ಇವತ್ತು ತಂತಿ ತೆಗೆದರು.

ಡಾ. ಪ್ರಭು ಒಂದೊಂದೇ ಕತ್ತರಿಸಿ ಟ್ರೇಗೆ ಹಾಕುತ್ತಿದ್ದರು. ಅಲ್ಲಿ ನನಗೆ ಕೆಲಸವಿರಲಿಲ್ಲ, ಹೋಗಿ ನಿಂತಿದ್ದೆ. ಮುಗಿದ ಮೇಲೆ ಬಾಯಿ ತೆರೆಯಿರಿ ಎಂದರು. ಒಂದು ಬೆರಳು ಹೋಗುವಷ್ಟು ತೆರೆಯಿತು. "ದಿನಾ ಸ್ವಲ್ಪಸ್ವಲ್ಪ ಜಾಸ್ತಿ ತೆಗೀಬೇಕು" ಎಂದು ಹೇಳಿ ಅವರು ಮುಂದಿನವರ ಕಡೆ ಹೋದರು.

ಬಾಲರಾಜು ಔಷಧಿ ತರಲು ಹೋಗಿದ್ದರು. ಮೋನಿಕಾ ಕಾಲೇಜಿಗೆ ಹೋಗಿದ್ದಳು, ಬಂದಿರಲಿಲ್ಲ. ಕುರ್ಚಿಯಲ್ಲಿ ಏಕಾಂತಮ್ಮ, ಎದುರಿಗೆ ನಾನು. ನೀರು ಕೊಟ್ಟೆ. ಲೋಟವನ್ನು ಬಲಗೈಯಲ್ಲಿ ಹಿಡಿದು ಆರು ವಾರದಲ್ಲಿ ಮೊದಲ ಸಲ ಲೋಟದಿಂದ ಕುಡಿದರು. ಬಾಯಿ ಒರೆಸಿಕೊಂಡರು.

"ನೀನು ಅವರಪ್ಪಂಗೆ ಹೇಳ್ದೆ" ಎಂದರು. ಧ್ವನಿ ಒಡೆದಿತ್ತು. ಅದನ್ನು ನಾನು ಸ್ಪಷ್ಟವಾಗಿ ಕೇಳಿದ್ದು ಇದೇ ಮೊದಲು. "ಮೋನಿಕಾಗೆ ಹೇಳ್ದೆ. ಕರಕಂಡೋಗಿ ಹೇಳ್ದೆ. ಕೈ ನಂದು. ನಂಗ್ಯಾಕ್ ಹೇಳ್ಲಿಲ್ಲ?"

ಲೋಟ ತೆಗೆದುಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ.

"ಬಾಯ್ ಕಟ್ಟಿದ್ರು. ಕಿವಿ ಕಟ್ಟಿರಲಿಲ್ಲ. ದಿನಾ ಬಂದು ಬೆರಳು ಹಿಡಿ, ಬೆರಳು ಹಿಡಿ ಅಂತಿದ್ದೆ. ಯಾಕೆ ಹಿಡೀವಲ್ದು ಅಂತ ಒಂದಿನ ಹೇಳ್ಲಿಲ್ಲ."

ಸ್ಟೂಲ್ ಎಳೆದುಕೊಂಡು ಅವರ ಮೊಣಕಾಲಿಗೆ ತಾಗುವಷ್ಟು ಹತ್ತಿರ ಕೂತೆ. ಮೊದಲಿನಿಂದ ಹೇಳಿದೆ. ಎರಡು ಔಷಧಿ ಇದ್ದದ್ದು, ಲಕೋಟೆಯಲ್ಲಿ ಅವರಿಗೆ ಬಂದದ್ದು, ಡಾಕ್ಟರು ಇನ್ನೂ ಇಳಿಸಿ ಎಂದದ್ದು, ನಾನು ಇಳಿಸಿದ್ದು, ಅದು ಕೈಮೀರಿದ್ದು, ಆರು ನಿಮಿಷ. ಬಿ.ಪಿ. ಇದೆಯಾ ಎಂದು ಅವರನ್ನು ಬಿಟ್ಟು ಗಂಡನನ್ನು ಕೇಳಿದ್ದು. ಅವರು ನಡುನಡುವೆ ತಡೆದು ಕೇಳಿದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೆ.

"ಮಾತ್ರೆ ಯಾಕೆ ಯಾರಿಗೂ ಹೇಳಿರಲಿಲ್ಲ ಅಮ್ಮ?"

"ಬಿಸಿಲಾಗೆ ತಲೆ ಸುತ್ತುತೈತಿ ಅಂದ್ರೆ ಹೂವಿನ ಕೆಲಸ ಬಿಡಸ್ತಾರೆ. ನೆರಳಾಗೆ ಬೀಜ ಹಸನು ಮಾಡು ಅಂತಾರೆ." ಲೋಟ ಕೆಳಗಿಟ್ಟರು. "ಅವತ್ತು ನೀನು ಕೇಳಿದ್ರೆ ಕೈಸನ್ನೆ ಮಾಡಿ ಹೇಳ್ತಿದ್ನೇನೋ. ಹೇಳ್ತಿರಲಿಲ್ವೇನೋ. ನಂಗೂ ಗೊತ್ತಿಲ್ಲ."

ಆಮೇಲೆ ಕೇಳಿದರು. "ಆ ಇನ್ನೊಂದು ಔಷಧಿ ಬಂದಿದ್ರೆ ಕೈ ಉಳೀತಿತ್ತಾ?"

"ಗೊತ್ತಿಲ್ಲಮ್ಮ. ಯಾವುದು ಒಳ್ಳೇದು ಅಂತ ತಿಳ್ಕೊಳ್ಳೋಕೇ ಇದನ್ನ ಮಾಡ್ತಿದ್ವಿ."

"ತಿಳೀತಾ?"

"ಇಲ್ಲ."

ಅವರು ಕಣ್ಣು ಮುಚ್ಚಿಕೊಂಡರು. ದವಡೆ ನೋಯುತ್ತಿತ್ತೋ ಏನೋ. ನನ್ನ ಬಳಿ ಉಳಿದಿದ್ದ ಒಂದನ್ನೂ ಹೇಳಿಬಿಟ್ಟೆ. ಬಿ.ಪಿ. ಇದ್ದವರು ಲೆಕ್ಕಕ್ಕೆ ಬರುವುದಿಲ್ಲವೆಂದು ಅವರ ಸಾಲನ್ನು ತೆಗೆಯಲು ಹೇಳಿದ್ದಾರೆ, ತೆಗೆದರೆ ನಿಯಮದ ಪ್ರಕಾರ ತಪ್ಪಿಲ್ಲ ಎಂದೆ.

"ತೆಗೆದ್ರೆ?"

"ನೀವು ಇಲ್ಲಿಗೆ ಬಂದೇ ಇಲ್ಲ ಅನ್ನೋ ಹಾಗೆ ಆಗುತ್ತೆ, ಆ ಪುಸ್ತಕದಲ್ಲಿ."

"ಬಂದಿದ್ನಲ್ಲ" ಎಂದರು. "ತೆಗೀಬ್ಯಾಡ. ಬರಿ."

"ಹೆಸರು ಬರೆಯೋ ಹಾಗಿಲ್ಲಮ್ಮ. ಬರೀ ನಂಬರು. ನಿಮ್ಮದು ಇಪ್ಪತ್ತಮೂರು."

"ನಂಬರೇ ಬರಿ. ಏನೇನಾತು ಅಂತ ಬರಿ. ನೀನು ಇಳಿಸಿದ್ದೂ ಬರಿ, ನಾನು ಮಾತ್ರೆ ಮುಚ್ಚಿಟ್ಟಿದ್ದೂ ಬರಿ."

ಬಾಲರಾಜು ಔಷಧಿ ಚೀಲ ಹಿಡಿದು ಬಂದು, ಹೆಂಡತಿ ಮಾತಾಡುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಏನಂತಾಳೆ?" ಎಂದು ನನ್ನನ್ನು ಕೇಳಿದರು.

"ಅವರನ್ನೇ ಕೇಳ್ರಿ" ಎಂದೆ.

ಸೆಪ್ಟೆಂಬರ್ 22, ಸೋಮವಾರ

ಸಮಿತಿಗೆ ಬರೆದ ವರದಿ ಎರಡು ಪುಟವಾಯಿತು. ಇಪ್ಪತ್ತಮೂರನೇ ಸಾಲನ್ನು ಇದ್ದ ಹಾಗೇ ಉಳಿಸಿ, ತಡವಾದದ್ದಕ್ಕೆ ಕಾರಣ ಎಂಬಲ್ಲಿ 'ನನಗೆ ಧೈರ್ಯ ಬರಲಿಲ್ಲ' ಎಂದು ಬರೆದೆ. ಬೇರೆ ಕಾರಣ ತೋಚಲಿಲ್ಲ.

ಸರ್ ಎರಡು ಸಲ ಓದಿದರು. "ಅಧ್ಯಯನ ನಿಲ್ಲಿಸ್ತಾರೆ. ಪರೀಕ್ಷೆಗೆ ಕೂರೋಕಾಗಲ್ಲ ಈ ಸಲ. ಗೊತ್ತಾ?"

"ಗೊತ್ತು ಸರ್."

"ನನ್ನ ಹೆಸರೂ ಇದೆ ಇದ್ರಲ್ಲಿ."

"ಹೌದು ಸರ್."

ಸಹಿ ಮಾಡಲಿಲ್ಲ. ಹಾಳೆಗಳನ್ನು ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು. ನನ್ನ ಒಬ್ಬಳ ಸಹಿಯಲ್ಲೇ ಸಮಿತಿಯ ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಂಡೆ. ಸಂಜೆ ಜ್ವರ ಬಂದ ಹಾಗಿತ್ತು. ಥರ್ಮಾಮೀಟರ್‌ನಲ್ಲಿ ಏನೂ ಇರಲಿಲ್ಲ.

ಅಕ್ಟೋಬರ್ 17, ಶುಕ್ರವಾರ

ಸಮಿತಿಯ ಪತ್ರ ಬಂತು. ಅಧ್ಯಯನ ನಿಲ್ಲಿಸಬೇಕು. ಬೇರೆ ವಿಷಯ ತೆಗೆದುಕೊಂಡು ಮೊದಲಿನಿಂದ ಶುರು ಮಾಡಬಹುದು. ಪರೀಕ್ಷೆ ಆರು ತಿಂಗಳು ಮುಂದಕ್ಕೆ. ಸರ್ ಥಿಯೇಟರಿನಲ್ಲಿ ಬೇಕಾದಷ್ಟೇ ಮಾತಾಡುತ್ತಾರೆ. ಡೆಕ್ಸ್ ಮೇಲೋ ನೈಟ್ರೊ ಮೇಲೋ, ನನ್ನಿಂದಂತೂ ಯಾರಿಗೂ ತಿಳಿಯಲಿಲ್ಲ. ಅಮ್ಮನಿಗೆ ಹೇಳಿದೆ. "ಊಟ ಮಾಡಿದ್ಯಾ?" ಎಂದರು.

ಮಧ್ಯಾಹ್ನ ಮೋನಿಕಾ ಫೋನ್ ಮಾಡಿದಳು. ನನಗೆ ಅವಳು ಫೋನ್ ಮಾಡಿದ್ದು ಇದೇ ಮೊದಲು. ಫಾರಂನವರು ಅವ್ವನನ್ನು ವಾಪಸ್ ಕರೆದಿದ್ದಾರೆ, ಬೀಜ ಹಸನು ಮಾಡುವ ಶೆಡ್ಡಿಗೆ. ಬೆರಳು ಮಡಚುತ್ತವೆ, ಚಿಮುಟ ನಿಲ್ಲುವುದಿಲ್ಲ, ಜಾರುತ್ತದೆ. ಇನ್ನು ನಿಲ್ಲುತ್ತದಾ ಎಂದು ಕೇಳಿದಳು. ಇಷ್ಟು ದಿನವಾದ ಮೇಲೆ ಪೂರ್ತಿ ಬರುವುದು ಕಷ್ಟ ಎಂದೆ. "ಹೂಂ" ಎಂದಳು. "ತಡೀರಿ, ಅವ್ವ ಮಾತಾಡ್ಬೇಕಂತೆ."

"ಡಾಕ್ಟ್ರಮ್ಮ" ಎಂದರು ಏಕಾಂತಮ್ಮ. ಈಗ ಮಾತು ಸ್ಪಷ್ಟವಾಗಿದೆ. "ನಂದು ಇಪ್ಪತ್ತಮೂರು ಅಂದ್ಯಲ್ಲ. ನನಗಿಂತ ಮುಂಚಿನೋರು ಇಪ್ಪತ್ತೆರಡು ಜನ. ಅವರೆಲ್ಲ ಹೆಂಗವ್ರೆ?"

"ಚೆನ್ನಾಗಿ ಮನೆಗೆ ಹೋದ್ರಮ್ಮ."

"ಆಮೇಲೆ?"

ಆಮೇಲಿನದು ನನಗೆ ಗೊತ್ತಿಲ್ಲ. ಇಪ್ಪತ್ನಾಲ್ಕು ಗಂಟೆ ನೋಡಿ ಹಾಳೆ ಮುಚ್ಚಿಡುತ್ತಿದ್ದೆ. ನಮ್ಮ ಹಾಳೆಯಲ್ಲಿ ಅಲ್ಲಿಗೇ ಖಾನೆ ಮುಗಿಯುತ್ತದೆ.

"ಕೇಳು ಮತ್ತೆ" ಎಂದು ಇಟ್ಟುಬಿಟ್ಟರು.

ಡ್ಯೂಟಿ ಮುಗಿಸಿ ಬಂದು ಕಪಾಟಿನಿಂದ ಕಡತ ತೆಗೆದೆ. ಒಪ್ಪಿಗೆ ಪತ್ರಗಳ ಮೇಲೆ ಫೋನ್ ನಂಬರ್ ಇವೆ. ಮೊದಲನೆಯದು ಹನುಮಂತಪ್ಪ, ಹೊಳಲ್ಕೆರೆ ತಾಲ್ಲೂಕು, ಐವತ್ತೆರಡು ವರ್ಷ. ಮುಖ ಎಷ್ಟು ನೆನಪು ಮಾಡಿಕೊಂಡರೂ ಬರಲಿಲ್ಲ. ಒತ್ತಿದೆ. ನಾಲ್ಕನೇ ರಿಂಗಿಗೆ ಎತ್ತಿದರು. ಹಿಂದೆ ಟ್ರ್ಯಾಕ್ಟರಿನ ಸದ್ದು.

"ಯಾರು?"

"ಹೋದ ವರ್ಷ ನಿಮ್ಮ ದವಡೆ ಆಪರೇಷನ್ ಆಯ್ತಲ್ಲ, ಚಿತ್ರದುರ್ಗದಲ್ಲಿ. ಅವತ್ತು ನಿಮಗೆ ಮತ್ತು ಬರಿಸಿದೋಳು ನಾನು. ಮೀನಾಕ್ಷಿ ಅಂತ."

ಟ್ರ್ಯಾಕ್ಟರಿನ ಸದ್ದು ನಿಂತಿತು.

"ಮುಖ ನೆಪ್ಪಿಲ್ಲವ್ವ. ಏನ್ ಸಮಾಚಾರ?"

"ಚೆನ್ನಾಗಿದೀರಾ ಅಂತ ಕೇಳೋಣ ಅಂತ."

"ಚೆನ್ನಾಗಿವ್ನಿ." ಟ್ರ್ಯಾಕ್ಟರಿನಿಂದ ಇಳಿದ ಸದ್ದು ಕೇಳಿಸಿತು. "ಯಾಕವ್ವ, ಏನಾದ್ರೂ ಆಗಾದಿತ್ತಾ?"

ಕುರ್ಚಿ ಎಳೆದುಕೊಂಡು ಕೂತೆ. "ಹೇಳ್ತೀನಿ" ಎಂದೆ.